ನಾಯಿಮರಿ ಶ್ಯಾವಿಗೆ ಥರ ಹುಳ ಕಕ್ಕಿದೆ, ಮಗಳ ಪಾದದಲ್ಲಿ ಗೆರೆ ಓಡ್ತಿದೆ. ಗೊತ್ತಿದ್ದವರು ಹೇಳಿ

ಹೊಳೆಬಾಗಿಲು:
ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ತೀರ್ಥಹಳ್ಳಿ ಹತ್ರ ತವರಿಗೆ ಬಂದು ಮೂರು ವಾರ ಆಯ್ತು. ಮನೆ ನಾಯಿ ಕೆಂಪಿ ಸೌದೆಮನೇಲಿ ಐದು ಮರಿ ಹಾಕಿದೆ, ಈಗ ಒಂದೂವರೆ ತಿಂಗಳಿನವು. ನನ್ನ ಮಗಳಿಗೆ ನಾಲ್ಕು ವರ್ಷ. ಬೆಳಗ್ಗೆ ಎದ್ದವಳೇ ಹಲ್ಲು ಕೂಡ ಉಜ್ಜದೆ ಬರಿಗಾಲಲ್ಲಿ ಅಲ್ಲಿಗೇ ಓಟ.

ಮೊನ್ನೆ ಒಂದು ಮರಿ, ಹೊಟ್ಟೆ ಗುಡಾಣದ ಹಾಗೆ ಊದಿಕೊಂಡಿದ್ದು, ಹಾಲು ಕುಡಿದ ತಕ್ಷಣ ಕಕ್ಕಿತು. ನೋಡಿದ್ರೆ ಬೇಯಿಸಿದ ಶ್ಯಾವಿಗೆ ಥರ ಬಿಳೀ ಹುಳ, ಆರೇಳು, ಒಂದೊಂದೂ ಬೆರಳುದ್ದ. ಒಂದು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ಕೊಂಡು ಇನ್ನೂ ಅಲ್ಲಾಡ್ತಿತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಎರಡು ದಿನಕ್ಕೆ ಮಗಳ ಎಡಪಾದದ ಒಳಬದೀಲಿ ಕೆಂಪು ಗೆರೆ ಎದ್ದಿದೆ. ಚರ್ಮದ ಕೆಳಗೆ ದಾರ ಹೊಲಿದ ಹಾಗೆ ಅಂಕುಡೊಂಕು. ಅನುಮಾನ ಬಂದು ಗೆರೆಯ ತುದಿಗೆ ಪೆನ್ನಲ್ಲಿ ಚುಕ್ಕೆ ಇಟ್ಟೆ. ಬೆಳಗ್ಗೆ ನೋಡಿದ್ರೆ ಚುಕ್ಕೆ ದಾಟಿ ಅರ್ಧ ಬೆರಳಗಲ ಮುಂದೆ ಹೋಗಿದೆ! ರಾತ್ರಿಯಿಡೀ ಕೆರೀತಾಳೆ. ಅಮ್ಮ ಸರ್ಪಸುತ್ತು ಅಂತ ಕಾವಿ ಅರೆದು ಹಚ್ಚಿದಾರೆ, ತಲೆ ಬಾಲ ಕೂಡಿದ್ರೆ ಕಷ್ಟ ಅಂತ ನಾಗರಕಟ್ಟೆಗೆ ಹರಕೆಯನ್ನೂ ಹೊತ್ತಿದಾರೆ. ಅಪ್ಪಯ್ಯ ಮರಿಗಳನ್ನ ಗೋಣಿಚೀಲಕ್ಕೆ ಹಾಕಿ ಪೇಟೆ ಕಡೆ ಬಿಟ್ಟು ಬರ್ತೀನಿ ಅಂತಿದಾರೆ. ಮಗಳ ಅಳು ನಿಂತಿಲ್ಲ.

ಹುಳ ಮರಿಯಿಂದ ಇವಳಿಗೆ ಬಂತಾ? ಫೆಬ್ರವರಿಲಿ ಜಂತುಹುಳದ ಮಾತ್ರೆ ಕೊಟ್ಟಿದ್ರು, ಅದು ಸಾಲಲ್ವಾ?

ಬೋಂಡಾಸೂಪ್:
ಬೆಳಗ್ಗೆ ತಿಂಡಿಗೆ ಶ್ಯಾವಿಗೆ ಉಪ್ಪಿಟ್ಟು ಮುಂದೆ ಇಟ್ಕೊಂಡು ಓದಿದೆ. ಧನ್ಯವಾದ ಅಕ್ಕಾ.

ಸಕ್ಕರೆನಾಡು:
ಸರ್ಪಸುತ್ತು ಅಲ್ಲ ಕಣಕ್ಕ ಅದು. ಸರ್ಪಸುತ್ತು ಅಂದ್ರೆ ಗುಳ್ಳೆ ಗುಳ್ಳೆ ಬರ್ತದೆ, ಮೈಯ ಒಂದೇ ಕಡೆ, ಉರಿ ಅಂದ್ರೆ ಉರಿ. ನಮ್ಮವ್ವಂಗೆ ಆಗಿತ್ತು, ಸೀರೆ ತಾಕಿದ್ರೂ ಕಿರುಚ್ತಿತ್ತು. ಗೆರೆ ನಡ್ಕೊಂಡು ಹೋಗಕಿಲ್ಲ ಅದ್ರಲ್ಲಿ.

ಬೆಂಗಳೂರು_ಭಾವ:
ಮೊದಲು ಮರಿಗಳನ್ನ ಮನೆಯಿಂದ ದೂರ ಮಾಡಿ. ಮಗು ಮುಖ್ಯವೋ ನಾಯಿ ಮುಖ್ಯವೋ? ಸೌದೆಮನೆಗೆ ಫಿನಾಯಿಲ್, ಬ್ಲೀಚಿಂಗ್ ಪೌಡರ್ ಚೆನ್ನಾಗಿ ಹೊಡೀರಿ, ಎಲ್ಲಾ ಸಾಯುತ್ತೆ.

ಕೊಟ್ಟಿಗೆ_ಡಾಕ್ಟ್ರು:
ನಾನು ಹೋಬಳಿ ಪಶು ಆಸ್ಪತ್ರೇಲಿ ಇದ್ದೀನಿ, ಹಸು ಎಮ್ಮೆಯೇ ಜಾಸ್ತಿ, ಆದ್ರೂ ದಿನಕ್ಕೊಂದು ನಾಯಿ ಬಂದೇ ಬರುತ್ತೆ. ಮರಿ ಕಕ್ಕಿದ ಹುಳವೂ ನಿಮ್ಮ ಮಗಳ ಕಾಲಲ್ಲಿ ಓಡ್ತಿರೋ ಹುಳವೂ ಒಂದೇ ಅಲ್ಲ. ಜಾತಿಯೇ ಬೇರೆ.

ಕಕ್ಕಿದ್ದು ದುಂಡುಹುಳು, ಟಾಕ್ಸೊಕಾರಾ ಕ್ಯಾನಿಸ್. ಇದು ಮರಿಗೆ ಮಣ್ಣಿಂದ ಬಂದಿದ್ದಲ್ಲ, ತಾಯಿಯಿಂದ ಬಂದಿದ್ದು. ಕೆಂಪಿಯ ಮಾಂಸಖಂಡದಲ್ಲಿ ಇದರ ಮರಿಹುಳ ಸುಮ್ಮನೆ ಮಲಗಿರುತ್ತೆ. ಗಬ್ಬ ನಿಂತಾಗ ಎಚ್ಚೆತ್ತು ಹೊಟ್ಟೆಯೊಳಗಿನ ಮರಿಗಳಿಗೇ ದಾಟುತ್ತೆ, ಆಮೇಲೆ ಮೊಲೆಹಾಲಲ್ಲೂ ಹೋಗುತ್ತೆ. ಅದಕ್ಕೇ ನೆಲ ಮುಟ್ಟದ ಮರಿಗೂ ಹುಳ ಇರುತ್ತೆ. ಒಂದು ಹೆಣ್ಣುಹುಳ ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡುತ್ತೆ.

ಕಾಲಲ್ಲಿರೋದು ನಾಯಿಯ ಕೊಕ್ಕೆಹುಳದ ಮರಿ. ನೋಡದೆ ಹೇಳಬಾರದು, ಆದ್ರೆ ಪೆನ್ನಿನ ಚುಕ್ಕೆ ದಾಟಿದೆ ಅಂದ್ರಲ್ಲ, ಅದಕ್ಕಿಂತ ಗುರುತು ಬೇಕಾ! ಇದರ ಮೊಟ್ಟೆ ನಾಯಿ ಹೇಲಲ್ಲಿ ಬಿದ್ದು, ನೆರಳಿನ ತೇವದ ಮಣ್ಣಲ್ಲಿ ಒಡೆದು, ಹತ್ತಿರ ಹತ್ತಿರ ಒಂದು ವಾರಕ್ಕೆ ಕಣ್ಣಿಗೆ ಕಾಣದ ಮರಿಹುಳ ಆಗುತ್ತೆ. ಬರಿಗಾಲು ಸಿಕ್ಕಿದ್ರೆ ಚರ್ಮ ಕೊರೆದು ಒಳಗೆ ಹೋಗುತ್ತೆ. ನಾಯಿ ಆಗಿದ್ರೆ ಕರುಳಿಗೆ ದಾರಿ ಗೊತ್ತು. ಮನುಷ್ಯರಲ್ಲಿ ದಾರಿ ತಪ್ಪಿ ಚರ್ಮದ ಕೆಳಗೇ ತಿರುಗ್ತಾ ಇರುತ್ತೆ. ಬಿಟ್ರೂ ಕೆಲವು ವಾರಕ್ಕೆ ತಾನೇ ಸಾಯುತ್ತೆ, ಆದ್ರೆ ಅಲ್ಲೀವರೆಗೂ ಮಗು ಕೆರೆದು ಕೆರೆದು ಕೀವು ಮಾಡ್ಕೊಳ್ಳುತ್ತೆ. ಚರ್ಮದ ಡಾಕ್ಟರಿಗೆ ತೋರಿಸಿ, ತೂಕ ನೋಡಿ ಮಾತ್ರೆ ಕೊಡ್ತಾರೆ.

ಭಾವ, ಫಿನಾಯಿಲ್ ಬ್ಲೀಚಿಂಗಿಗೆ ದುಂಡುಹುಳದ ಮೊಟ್ಟೆ ಜಗ್ಗಲ್ಲ. ಚಿಪ್ಪು ಅಷ್ಟು ಗಟ್ಟಿ. ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಅದಕ್ಕೆ ಕುದಿಯೋ ನೀರೋ ಬೆಂಕಿಯೋ ಆಗಬೇಕು. ಕೊಕ್ಕೆಹುಳದ ಮರಿಗೆ ಮಾತ್ರ ಬಿಸಿಲು ಸಾಕು, ಒಣಗಿದ್ರೆ ಸತ್ತುಹೋಗುತ್ತೆ. ಜುಲೈ ತಿಂಗಳ ತೀರ್ಥಹಳ್ಳೀಲಿ ಬಿಸಿಲು ಎಲ್ಲಿಂದ ತರ್ತೀರಿ ಅನ್ನೋದು ಬೇರೆ ಮಾತು.

ಬೋಂಡಾಸೂಪ್:
ಬಿಸಿಲು ಪಾರ್ಸೆಲ್ ಕಳಿಸ್ತೀವಿ, ರಾಯಚೂರಿಂದ.

ಅಡಿಕೆಚೊಗರು:
ನಮ್ಮ ತೋಟದ ಕೆಲಸದವರಿಗೆ ಮಳೆಗಾಲದಲ್ಲಿ ಈ ಗೆರೆ ಮಾಮೂಲು. ಯಾರೂ ಡಾಕ್ಟರ ಹತ್ರ ಹೋಗಲ್ಲ, ಸೀಮೆಎಣ್ಣೆ ಹಚ್ತಾರೆ. ತೋಟದ ನೆರಳು, ಸೊಪ್ಪು ಹಾಸಿದ ತೇವ, ನಾಯಿಗಳೂ ಅಲ್ಲೇ ಕೂರೋದು. ಹುಳಕ್ಕೆ ಇನ್ನೇನು ಬೇಕು.

ಅಂದಹಾಗೆ, ನಮ್ಮಜ್ಜ ನಾಯಿಗೆ ಹುಳ ಆದ್ರೆ ಅಡಿಕೆ ಪುಡಿ ಬೆಲ್ಲದಲ್ಲಿ ಉಂಡೆ ಕಟ್ಟಿ ನುಂಗಿಸ್ತಿದ್ರು. ಅರ್ಧ ಗಂಟೇಲಿ ನಾಯಿ ಬೇಲಿ ಹಾರಿ ಓಡೋದು, ಲಾಡಿಹುಳ ಮಾರುದ್ದ ಬೀಳೋದು. ಇಂಗ್ಲಿಷ್ ಔಷಧಿಯೇ ಬೇಕು ಅಂತೇನಿಲ್ಲ.

ಕೊಟ್ಟಿಗೆ_ಡಾಕ್ಟ್ರು:
ನಿಮ್ಮಜ್ಜ ಸುಳ್ಳು ಮಾಡಿಲ್ಲ. ಅಡಿಕೇಲಿರೋ ಅರೆಕೋಲಿನ್ ಲಾಡಿಹುಳಕ್ಕೆ ಲಕ್ವ ಹೊಡೆಸಿ, ಕರುಳನ್ನ ಹಿಂಡಿ ಹೊರಗೆ ಹಾಕುತ್ತೆ. ಒಂದು ಕಾಲದಲ್ಲಿ ಪಶುವೈದ್ಯರೂ ಅದನ್ನೇ ಕೊಡ್ತಿದ್ರು. ತೊಂದರೆ ಏನಪ್ಪಾ ಅಂದ್ರೆ ಉಂಡೇಲಿ ಎಷ್ಟು ಸತ್ವ ಇದೆ ಅಂತ ಗೊತ್ತಾಗಲ್ಲ. ಸ್ವಲ್ಪ ಜಾಸ್ತಿ ಆದ್ರೆ ವಾಂತಿ, ಭೇದಿ, ಜೊಲ್ಲು, ಎದೆಬಡಿತ ಕುಸಿದು ನಾಯಿಯೇ ಹೋಗುತ್ತೆ. ಮರಿಗಳಿಗಂತೂ ದಯವಿಟ್ಟು ಕೊಡಬೇಡಿ. ದುಂಡುಹುಳಕ್ಕೆ ಕೊಕ್ಕೆಹುಳಕ್ಕೆ ಅದು ನಂಬೋ ಮದ್ದೂ ಅಲ್ಲ.

ಹ್ಯಾಮಿಲ್ಟನ್_ಹುಡುಗ:
ಅರೆಕೋಲಿನ್ ಮಾತು ಬಂದಿದ್ದಕ್ಕೆ ಬರೀತಿದೀನಿ. ನಾನಿರೋದು ನ್ಯೂಜಿಲೆಂಡಲ್ಲಿ. ಹಿಂದೆ ಇಲ್ಲಿ ಊರೂರಲ್ಲಿ ನಾಯಿಗಳನ್ನ ಸಾಲಾಗಿ ಕಟ್ಟಿಹಾಕಿ ಅರೆಕೋಲಿನ್ ಕುಡಿಸಿ, ಬಿದ್ದ ಭೇದೀಲಿ ಲಾಡಿಹುಳ ಇದೆಯಾ ಅಂತ ಪರೀಕ್ಷೆ ಮಾಡ್ತಿದ್ರಂತೆ. ಪಕ್ಕದ ಫಾರಂ ಅಜ್ಜ ಆ ವಾಸನೆ ನೆನಪು ಮಾಡ್ಕೊಂಡು ಈಗಲೂ ಮೂಗು ಮುಚ್ಕೊಳ್ತಾನೆ. ಎಲ್ಲಾ ಹೈಡಾಟಿಡ್ ಅನ್ನೋ ರೋಗಕ್ಕೋಸ್ಕರ. 2002ರಲ್ಲಿ ದೇಶದಲ್ಲಿ ಆ ರೋಗ ಇಲ್ಲ ಅಂತ ತಾತ್ಕಾಲಿಕವಾಗಿ ಘೋಷಣೆ ಆಯ್ತು. ಕುರಿ ಕರುಳು, ಈಲಿ (ಲಿವರ್) ಹಸಿಯಾಗಿ ನಾಯಿಗೆ ಸಿಗದ ಹಾಗೆ ಕಾನೂನೇ ಮಾಡಿದ್ರು.

ಎರೆಹೊಲ:
ಹೈಡಾಟಿಡ್ ಅಂದ್ರಲ್ಲ, ಅದರ ಕಥಿ ನಮ್ಮ ಮನ್ಯಾಗ ಆಗೇತಿ. ನಮ್ಮದು ಬಾಗಲಕೋಟಿ ಕಡೆ. ನಮ್ಮ ಕಾಕಾ ನಲವತ್ತ ವರ್ಷ ಕುರಿ ಕಾಯ್ದಾವ. ಬಲಗಡೆ ಪಕ್ಕಡಿ ಕೆಳಗ ಭಾರ ಭಾರ ಅಂತಿದ್ದ. ಗ್ಯಾಸ್ ಇರಬೇಕಂತ ಎರಡ ವರ್ಷ ಸೋಡಾ ಕುಡದ. ಕಡೀಕ ಹುಬ್ಬಳ್ಳಿಗೆ ಒಯ್ದು ಸ್ಕ್ಯಾನ್ ಮಾಡಿಸಿದ್ರ ಕಾಳಿಜದಾಗ, ಅಂದ್ರ ಲಿವರಿನಾಗ, ತೆಂಗಿನಕಾಯಿಯಷ್ಟ ನೀರಿನ ಚೀಲ!

ಆಪರೇಷನ್ ಆದ ಮ್ಯಾಲ ಡಾಕ್ಟರ್ ಒಂದ ಬಾಟ್ಲಿ ತಂದು ತೋರಿಸಿದ್ರು. ಸಿಪ್ಪಿ ಸುಲದ ದ್ರಾಕ್ಷಿ ಹಣ್ಣ ನೋಡೀರಲ್ಲ, ಥೇಟ್ ಹಂಗ. ಒಂದ ಚೀಲದೊಳಗ ಹತ್ತಿಪ್ಪತ್ತು ಮರಿ ಚೀಲ. "ನಿಮ್ಮ ಮನ್ಯಾಗ ನಾಯಿ ಐತೇನು?" ಅಂದ್ರು. ಕಾಕಾ ನಕ್ಕಬಿಟ್ಟ. "ಸಾಹೇಬ್ರ, ನಾಯಿ ಇಲ್ದ ಕುರಿ ಹೆಂಗ ಕಾಯೂದು" ಅಂದ.

ಹಿಂಡಿನಾಗ ಕುರಿ ಸತ್ರ, ಹಬ್ಬಕ್ಕ ಕೊಯ್ದ್ರ, ಕಳ್ಳು ಪಚ್ಚಿ ಎಲ್ಲಾ ನಾಯಿಗೇ. ಕಾಳಿಜದಾಗ ನೀರಿನ ಗುಳ್ಳಿ ಇದ್ರ ಆ ತುಂಡ ನಾವು ತಿನ್ನಂಗಿಲ್ಲ, ಕೊಯ್ದು ನಾಯಿ ಮುಂದ ಒಗೀತೀವಿ. ಅದೇ ತಪ್ಪು ಅಂತ ಡಾಕ್ಟರ್ ಹೇಳಿದ್ರು. ಆ ಗುಳ್ಳ್ಯಾಗಿಂದ ನಾಯಿ ಹೊಟ್ಟ್ಯಾಗ ಲಾಡಿಹುಳ, ನಾಯಿ ಹೇಲಿನಾಗ ಅದರ ತತ್ತಿ, ಹುಲ್ಲಿನ ಮ್ಯಾಲಿಂದ ಮತ್ತ ಕುರಿಗಿ. ನಡುವ ನಮ್ಮ ಕೈ ಬಾಯಿಗಿ ಹೋತಂದ್ರ ನಮಗೂ ಅಷ್ಟ.

ಸಕ್ಕರೆನಾಡು:
ಮಾರುದ್ದದ ಹುಳ ಇದ್ರೆ ನಾಯಿ ಹೇಲಲ್ಲಿ ಕಾಣಕಿಲ್ವಾ?

ಕೊಟ್ಟಿಗೆ_ಡಾಕ್ಟ್ರು:
ಇದು ಆ ಲಾಡಿಹುಳ ಅಲ್ಲ ಸಾರ್. ಎಕೈನೊಕಾಕಸ್, ಬಲಿತ ಹುಳವೇ ಎಳ್ಳುಕಾಳಿಗಿಂತ ಸ್ವಲ್ಪ ಉದ್ದ, ನಾಲ್ಕೈದು ಮಿಲಿಮೀಟರ್. ನಾಯಿ ಹೊಟ್ಟೇಲಿ ಸಾವಿರ ಇದ್ರೂ ನಾಯಿ ಚೆನ್ನಾಗೇ ಇರುತ್ತೆ, ಕಣ್ಣಿಗೆ ಏನೂ ಕಾಣಲ್ಲ. ಹುಳ ಸಣ್ಣದು, ಮನುಷ್ಯರಲ್ಲಿ ಅದು ಮಾಡೋ ಚೀಲ ದೊಡ್ಡದು. ಈಲೀಲೇ ಜಾಸ್ತಿ, ಆಮೇಲೆ ಶ್ವಾಸಕೋಶ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. ಒಳಗೇ ಒಡೆದ್ರೆ ಮೈಯೆಲ್ಲಾ ದದ್ದು ಎದ್ದು ಬಿಪಿ ಬಿದ್ದು ಜೀವಕ್ಕೇ ಬರಬಹುದು.

ಎರೆಹೊಲ ಅವರೇ, ಇನ್ನೊಂದು ಕೇಳ್ಬೇಕು. ನಿಮ್ಮ ಹಿಂಡಲ್ಲಿ ಕುರಿ ಒಂದೇ ಕಡೆ ಗಿರಗಿರ ತಿರುಗೋದು ನೋಡಿದೀರಾ?

ಎರೆಹೊಲ:
ನೋಡದ ಏನ್ರೀ. ತಲಿ ವಾರಿ ಮಾಡಿ ಗಾಣದ ಎತ್ತಿನಂಗ ಸುತ್ತತೈತಿ, ಗ್ವಾಡಿಗಿ ಹೋಗಿ ಹಣಿ ಹಚ್ಚಿ ನಿಂದರತೈತಿ. ಗಾಳಿ ಬಡದೈತಿ ಅಂತ ತಾಯತ ಕಟ್ಟತಾರ.

ಕೊಟ್ಟಿಗೆ_ಡಾಕ್ಟ್ರು:
ಅದೂ ನಾಯಿಯ ಇನ್ನೊಂದು ಲಾಡಿಹುಳದ್ದೇ ಕೆಲಸ, ಟೀನಿಯಾ ಮಲ್ಟಿಸೆಪ್ಸ್. ಕುರಿಯ ಮಿದುಳಲ್ಲಿ ನೀರಿನ ಗುಳ್ಳೆ ಕೂತಿರುತ್ತೆ. ಸತ್ತ ಕುರಿಯ ತಲೆ ಒಡೆದು ನಾಯಿಗೆ ಹಾಕಿದ್ರೆ ಮತ್ತೆ ಶುರು. ಮನುಷ್ಯರಿಗೆ ಬರೋದು ತೀರಾ ಅಪರೂಪ, ಕುರಿಯವರಿಗೆ ಮಾತ್ರ ಕೈಸುಡೋ ನಷ್ಟ. ತಲೆ, ಈಲಿ, ಪುಪ್ಪುಸ ಬೇಯಿಸದೆ ಹಾಕಬೇಡಿ. ಬೇಯಿಸೋಕೆ ಸೌದೆ ಇಲ್ಲದಿದ್ರೆ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಹಿಂಡಿನ ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಇರೋ ಮಾತ್ರೆ ಹಾಕಿ. ಸಾದಾ ಜಂತುಹುಳದ ಮಾತ್ರೆ ಇದಕ್ಕೆ ನಡೆಯಲ್ಲ. ಮಾತ್ರೆ ಹಾಕಿದ ಎರಡು ಮೂರು ದಿನ ಕಟ್ಟಿಹಾಕಿ, ಆ ಹೇಲು ಸುಟ್ಟುಬಿಡಿ. ಹುಳ ಸಾಯುತ್ತೆ, ಮೊಟ್ಟೆ ಸಾಯಲ್ಲ.

ಎರೆಹೊಲ:
ಕಾಕಾಗ ಓದಿ ಹೇಳಿದೆ. "ತಾಯತದ ರೊಕ್ಕ ವಾಪಸ್ ಕೇಳ್ಲೇನು" ಅಂದ.

ಕಡಲತಡಿ:
ನಮ್ಮ ಪಕ್ಕದ ಮನೆ ಮಗುವಿಗೆ ರಾತ್ರಿ ಕುಂಡಿ ತುರಿಕೆ ಮಾರ್ರೆ, ನಿದ್ರೆಯೇ ಇಲ್ಲ. ನಾಯಿ ಸಾಕಿದ್ದಕ್ಕೆ ಅಂತ ನಾಯಿಯನ್ನು ಮಾರಿಬಿಟ್ರು. ಆಮೇಲೂ ತುರಿಕೆ ಹೋಗಲಿಲ್ಲ.

ವಾರ್ಡ್‌ನರ್ಸ್:
ಪಾಪ ನಾಯಿ! ಅದು ದಾರದಹುಳು, ನಾಯಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಮನುಷ್ಯರಿಂದ ಮನುಷ್ಯರಿಗೇ ಬರೋದು. ಮಗು ಕೆರೆದ್ಕೊಂಡ ಉಗುರು, ಹಾಸಿಗೆ ಬಟ್ಟೆ, ಅಲ್ಲಿಂದ ಮನೆಮಂದಿಗೆಲ್ಲ. ಮಾತ್ರೆಯನ್ನ ಮನೇಲಿರೋ ಎಲ್ರೂ ಒಂದೇ ದಿನ ತಗೊಂಡು, ಎರಡು ವಾರ ಬಿಟ್ಟು ಇನ್ನೊಂದ್ಸಲ ತಗೋಬೇಕು. ಇದನ್ನ ಹೇಳಿದ್ರೆ ಮನೆ ದೊಡ್ಡವರಿಗೆ ಅವಮಾನ ಆಗುತ್ತೆ, "ನಮಗ್ಯಾಕಮ್ಮ ಹುಳದ ಮಾತ್ರೆ" ಅಂತಾರೆ.

ಹೊಳೆಬಾಗಿಲು ಅವರು ಕೇಳಿದ ಫೆಬ್ರವರಿ ಮಾತ್ರೆ ಬಗ್ಗೆ: 2015ರಿಂದ ಫೆಬ್ರವರಿ 10ಕ್ಕೆ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ ಮಾಡ್ತಾರೆ, ಅಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ಅದು ಮಕ್ಕಳ ಕರುಳಲ್ಲಿರೋ ಮನುಷ್ಯರ ಹುಳಕ್ಕೆ, ಆ ಹೊತ್ತಿಗೆ. ಲಸಿಕೆ ಥರ ವರ್ಷವಿಡೀ ಕಾಯಲ್ಲ. ಫೆಬ್ರವರಿ ಮಾತ್ರೆ ಜುಲೈನ ಹುಳವನ್ನ ಹೇಗೆ ತಡೆಯುತ್ತೆ?

ದುಂಡುಹುಳದ ಬಗ್ಗೆ ಒಂದು ಮಾತು, ಹೆದರಿಸೋಕಲ್ಲ. ನನ್ನ ಅಕ್ಕನ ಮೈದುನನ ಮಗ, ಆರು ವರ್ಷ, ಒಂದು ಕಣ್ಣು ಓರೆ ಆಗ್ತಿದೆ ಅಂತ ಕರ್ಕೊಂಡು ಹೋದ್ರು. ಕಣ್ಣೊಳಗೆ ಬಿಳೀ ಗಂಟು. ಗಡ್ಡೆಯೇನೋ ಅಂತ ಮೊದಲು ಹೆದರಿಸಿಬಿಟ್ರು, ಇಡೀ ಮನೆ ವಾರ ಊಟ ಮಾಡಿಲ್ಲ. ಆಮೇಲೆ ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲಾ ಆಗಿ ಟಾಕ್ಸೊಕಾರಾ ಅಂತ ಗೊತ್ತಾಯ್ತು. ಮಣ್ಣಿನ ಜೊತೆ ಬಾಯಿಗೆ ಹೋದ ಮೊಟ್ಟೆ ಒಡೆದು ಮರಿಹುಳ ಕಣ್ಣಿಗೆ ಹೋಗಿ ಕೂತಿತ್ತು. ಜೀವಕ್ಕೆ ತೊಂದರೆ ಇಲ್ಲ, ಆ ಕಣ್ಣಿನ ದೃಷ್ಟಿ ಮಾತ್ರ ಪೂರ್ತಿ ಬರಲಿಲ್ಲ. ಹುಡುಗ ಕಟ್ಟೆ ಕಟ್ಟೋ ಮರಳಲ್ಲಿ ಆಡಿ ಮಣ್ಣು ತಿನ್ತಿದ್ದ, ಮನೇಲಿ ನಾಯಿಯೇ ಇರಲಿಲ್ಲ.

ಬೆಂಗಳೂರು_ಭಾವ:
ಅದಕ್ಕೇ ನಾನು ಹೇಳಿದ್ದು ನಾಯಿ ಬೇಡ ಅಂತ. ನಾಯಿ ಕೂದಲು ಹೊಟ್ಟೆಗೆ ಹೋದ್ರೆ ಗೆಡ್ಡೆ ಆಗುತ್ತೆ ಅಂತ ಹಿರಿಯರು ಸುಮ್ನೆ ಹೇಳಿದ್ರಾ?

ವಾರ್ಡ್‌ನರ್ಸ್:
ಭಾವನವರೇ, ಕೊನೇ ಸಾಲು ಓದಿದ್ರಾ? ಮನೇಲಿ ನಾಯಿ ಇರಲಿಲ್ಲ. ಮರಳಿಗೆ ಬೀದಿ ನಾಯಿ ಬಂದು ಹೋಗಿತ್ತು.

ಕೊಟ್ಟಿಗೆ_ಡಾಕ್ಟ್ರು:
ಕೂದಲಿಂದ ಗೆಡ್ಡೆ ಆಗಲ್ಲ. ಕೂದಲಿಗೆ ಅಂಟಿದ ಲಾಡಿಹುಳದ ಮೊಟ್ಟೆಯಿಂದ ಹೈಡಾಟಿಡ್ ಚೀಲ ಆಗಬಹುದು, ಹಿರಿಯರು ಅದನ್ನೇ ನೋಡಿ ಹೇಳಿದ್ರೋ ಏನೋ. ದುಂಡುಹುಳದ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಆಗಷ್ಟೇ ಬಿದ್ದ ಹೇಲಲ್ಲಿರೋ ಮೊಟ್ಟೆ ಏನೂ ಮಾಡಲ್ಲ. ಮಣ್ಣಲ್ಲಿ ಎರಡು ವಾರಕ್ಕಿಂತ ಜಾಸ್ತಿ ಇದ್ದು ಒಳಗೆ ಮರಿ ಬಲಿತ ಮೇಲೇ ಅಂಟೋದು. ಹೊಸ ಹೇಲು ನೋಡಿ ಮೂಗು ಮುಚ್ಕೊಂಡು ದೂರ ಹೋಗ್ತೀವಿ, ಕರಗಿ ಮಣ್ಣಾದ ಜಾಗದಲ್ಲಿ ಮಕ್ಕಳನ್ನ ಕೂರಿಸ್ತೀವಿ. ಇರಬೇಕಾಗಿದ್ದು ಉಲ್ಟಾ! ದಿನಾ ಬೆಳಗ್ಗೆ ಸಲಿಕೇಲಿ ತೆಗೆದು ಗುಂಡಿಗೆ ಹಾಕಿದ್ರೆ ಅರ್ಧ ಕೆಲಸ ಮುಗೀತು.

ಇನ್ನು ಅಪ್ಪಯ್ಯನವರ ಗೋಣಿಚೀಲ. ಮರಿ ಬಿಟ್ಟು ಬಂದ್ರೆ ಹುಳ ಪೇಟೆಗೆ ಹೋಯ್ತು ಅಷ್ಟೇ. ನಿಮ್ಮ ಅಂಗಳದ ಮಣ್ಣಲ್ಲಿ ಬಿದ್ದಿದ್ದು ಅಲ್ಲೇ ಇರುತ್ತೆ, ಕೆಂಪಿ ಮುಂದಿನ ಸಲ ಇನ್ನೈದು ಹಾಕ್ತಾಳೆ. ಮರಿಗಳಿಗೆ 15 ದಿನದಿಂದಲೇ ಔಷಧಿ ಶುರು ಮಾಡಬೇಕಿತ್ತು. ಈಗಲಾದ್ರೂ ಮೂರು ತಿಂಗಳ ತನಕ 15 ದಿನಕ್ಕೊಂದ್ಸಲ, ಆರು ತಿಂಗಳ ತನಕ ತಿಂಗಳಿಗೊಂದು, ಆಮೇಲೆ ಮೂರು ತಿಂಗಳಿಗೊಂದು. ಮರಿಗೆ ಹಾಕಿದ ದಿನವೇ ತಾಯಿಗೂ. ಒಸಡು ನೋಡಿ, ಬೆಳ್ಳಗೆ ಸುಣ್ಣದ ಹಾಗಿದ್ರೆ, ಹೇಲು ಡಾಂಬರಿನ ಹಾಗೆ ಕಪ್ಪಗಿದ್ರೆ ಕೊಕ್ಕೆಹುಳ ರಕ್ತ ಕುಡೀತಿದೆ ಅಂತ. ಅಂಥ ಮರಿ ಎರಡೇ ದಿನದಲ್ಲಿ ಹೋಗಿಬಿಡುತ್ತೆ, ಕಾಯಬೇಡಿ. ನಾಯಿ ಕೊಕ್ಕೆಹುಳಗಳಲ್ಲಿ ಸಿಲಾನಿಕಮ್ ಅಂತ ಒಂದಿದೆ, ಅದು ಚರ್ಮದಲ್ಲಿ ನಿಲ್ಲದೆ ಮನುಷ್ಯರ ಕರುಳಲ್ಲೂ ಬೆಳೆದು ರಕ್ತ ಕುಡಿಯುತ್ತೆ, ಅದಕ್ಕೂ ಚಪ್ಪಲಿಯೇ ಮದ್ದು.

ಅಡಿಕೆಚೊಗರು:
ಹಸುವಿಗೆ ಕೊಡೋ ಐವರ್ಮೆಕ್ಟಿನ್ ಇಂಜೆಕ್ಷನ್ ಒಂಚೂರು ನಾಯಿಗೂ ಚುಚ್ಚಿದ್ರೆ ಉಣ್ಣೆ, ಹುಳ ಎರಡೂ ಹೋಗುತ್ತೆ ಅಂತ ಒಬ್ರು ಕೊಟ್ಟು ಹೋದ್ರು. ನಮ್ಮ ಕರಿಯ ಎರಡು ದಿನ ಕುಡುಕನ ಹಾಗೆ ತೂರಾಡಿ, ಕಣ್ಣು ಕಾಣದೆ ಕಂಬಕ್ಕೆ ಡಿಕ್ಕಿ ಹೊಡೀತಿದ್ದ. ಬದುಕಿದ, ಪುಣ್ಯ.

ಕೊಟ್ಟಿಗೆ_ಡಾಕ್ಟ್ರು:
ಐನೂರು ಕಿಲೋ ಹಸುವಿನ ಔಷಧೀಲಿ ಹದಿನೈದು ಕಿಲೋ ನಾಯಿಗೆ "ಒಂಚೂರು" ಅಂದ್ರೆ ಎಷ್ಟು? ಕಾಲಿ (Collie) ಅನ್ನೋ ಕುರಿ ಕಾಯೋ ವಿದೇಶಿ ಜಾತಿ ನಾಯಿಗಂತೂ ಸಣ್ಣ ಡೋಸೂ ವಿಷ. ಬೇಡ.

ಕಡಲತಡಿ:
ನಮ್ಮ ನಾಯಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನ ಹಾಗೆ ಅಂಟಿಕೊಂಡಿರ್ತದೆ, ಒಣಗಿದ್ರೆ ಸೌತೆಬೀಜದ ಹಾಗೆ. ಮಾತ್ರೆ ಕೊಟ್ರೆ ಹೋಗ್ತದೆ, ತಿಂಗಳಲ್ಲಿ ಪುನಃ ಬರ್ತದೆ. ಎಂತ ಮಾಡುದು?

ಕೊಟ್ಟಿಗೆ_ಡಾಕ್ಟ್ರು:
ಚಿಗಟ ಹೋಗಿಲ್ಲ. ಆ ಲಾಡಿಹುಳದ ಮರಿ ಚಿಗಟದ ಹೊಟ್ಟೇಲಿರುತ್ತೆ, ನಾಯಿ ಮೈ ಕಚ್ಕೊಂಡಾಗ ಚಿಗಟ ನುಂಗುತ್ತೆ, ಮತ್ತೆ ಹುಳ. ಮಕ್ಕಳು ನಾಯಿ ತಬ್ಕೊಂಡು ಚಿಗಟ ನುಂಗಿದ್ರೆ ಅವರಿಗೂ ಬರುತ್ತೆ, ಆದ್ರೆ ಸುಲಭವಾಗಿ ವಾಸಿ. ನಾಯಿ ಮಲಗೋ ಗೋಣಿ ಬಿಸಿಲಿಗೆ ಹಾಕಿ, ಚಿಗಟಕ್ಕೂ ಔಷಧಿ ಮಾಡಿ.

ಬೋಂಡಾಸೂಪ್:
ಶ್ಯಾವಿಗೆ, ದ್ರಾಕ್ಷಿ, ಅಕ್ಕಿಕಾಳು, ಸೌತೆಬೀಜ, ಎಳ್ಳು. ಇನ್ನೇನು ತಿನ್ನೋಕೆ ಉಳಿಸ್ತೀರಾ ನಂಗೆ?

ಸಕ್ಕರೆನಾಡು:
ತೀರ್ಥಹಳ್ಳಿ ಕಡೆ ಹುಳಕ್ಕಿಂತ ಮೊದ್ಲು ಚಿರತೆ ಬಂದು ನಾಯಿ ತಗೊಂಡೋಯ್ತದಂತಲ್ಲ?

ಅಡಿಕೆಚೊಗರು:
ನಮ್ಮನೇದು ಮೂರು ಹೋಗಿದೆ. ಕುರ್ಕ ಬಂತು ಅಂದ್ರೆ ನಾಯಿ ಸದ್ದಿಲ್ಲದೆ ಜಗಲಿಯಿಂದ ಒಳಗೆ ನುಗ್ಗಿ ಮಂಚದ ಕೆಳಗೆ ಸೇರುತ್ತೆ. ಹುಳ ಅಂತ ಹೊರಗೆ ಕಟ್ಟಿದ್ರೆ ಬೆಳಗ್ಗೆ ಸರಪಳಿ ಮಾತ್ರ ಇರುತ್ತೆ.

ಹೊಳೆಬಾಗಿಲು:
ಐದು ದಿನ ಆದ್ಮೇಲೆ ಬರ್ತಿದೀನಿ, ಕ್ಷಮಿಸಿ. ಕರೆಂಟಿಲ್ಲ, ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತಬೇಕು.

ಶಿವಮೊಗ್ಗದಲ್ಲಿ ತೋರಿಸಿದ್ವಿ. ಡಾಕ್ಟರು ಗೆರೆ ನೋಡಿದ್ದೇ "ಮನೇಲಿ ನಾಯಿಮರಿ ಇದೆಯಾ" ಅಂದ್ರು. ಮೂರು ದಿನದ ಮಾತ್ರೆ. ಎರಡನೇ ರಾತ್ರಿಯಿಂದ ಕೆರೆತ ಕಮ್ಮಿ, ಗೆರೆ ಪೆನ್ನಿನ ಚುಕ್ಕೆ ದಾಟಿಲ್ಲ. ಅಮ್ಮ ಮಾತ್ರ ಕಾವಿ ಹಚ್ಚೋದು ನಿಲ್ಲಿಸಿಲ್ಲ, ಗೆರೆ ನಿಂತಿದ್ದು ಕಾವಿಯಿಂದ ಅಂತಲೇ ಹೇಳ್ಕೊಂಡು ಬರ್ತಿದಾರೆ. ನಾಗರಕಟ್ಟೆಗೂ ಹೋಗಿ ಬಂದ್ವಿ.

ಮರಿಗಳಿಗೆ ಪಶು ಆಸ್ಪತ್ರೆಯಿಂದ ಸಿರಪ್ ತಂದು ಅಡಿಗೆಮನೆ ತಕ್ಕಡೀಲಿ ತೂಗಿ ಕುಡಿಸಿದ್ವಿ (ತಕ್ಕಡಿ ಆಮೇಲೆ ಕುದಿಯೋ ನೀರಲ್ಲಿ ತೊಳೆದೆ, ಬೈಬೇಡಿ). ಮರುದಿನ ಗುಡಾಣ ಹೊಟ್ಟೆಯದ್ದೊಂದೇ ಇಪ್ಪತ್ತಮೂರು ಹುಳ ಹಾಕಿದೆ, ಅಪ್ಪಯ್ಯನೇ ಕೋಲಲ್ಲಿ ಎಣಿಸಿದ್ದು. ಆಮೇಲಿಂದ ಗೋಣಿಚೀಲದ ಮಾತೆತ್ತಿಲ್ಲ. ಬೆಳಗ್ಗೆ ಸಲಿಕೆ ಹಿಡ್ಕೊಂಡು ಅಂಗಳ ಸುತ್ತೋದು ಈಗ ಅವರದ್ದೇ ಕೆಲಸ. ಮಗಳಿಗೆ ಕೆಂಪು ಗಂಬೂಟು ಬಂದಿದೆ, ರಾತ್ರಿ ಮಲಗುವಾಗಲೂ ಬಿಚ್ಚಲ್ಲ ಅಂತಾಳೆ.

ಎರಡು ಮರಿಗೆ ಮನೆ ಸಿಕ್ಕಿತು. ಮೂರಿವೆ. ಯಾರಿಗಾದ್ರೂ ಬೇಕಾ?

ಸಕ್ಕರೆನಾಡು:
ಗಂಡು ಇದ್ರೆ ಒಂದು ನಮ್ಗಿರ್ಲಿ ಕಣಕ್ಕ.

ಹೊಳೆಬಾಗಿಲು:
ಗಂಡು ಎರಡೂ ಮೊದಲೇ ಹೋದವು ಅಣ್ಣ. ಉಳಿದಿರೋ ಮೂರೂ ಹೆಣ್ಣೇ.

ಸಕ್ಕರೆನಾಡು:
ಮನೇಲಿ ಕೇಳಿ ಹೇಳ್ತೀನಿ.

ಕೊಟ್ಟಿಗೆ_ಡಾಕ್ಟ್ರು:
ಹೆಣ್ಣೇ ತಗೊಳ್ಳಿ ಸಾರ್, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ರೆ ಆಯ್ತು. ಮುಂದಿನ ಔಷಧಿ ತಾರೀಖು ಮಾತ್ರ ಅಕ್ಕನ ಹತ್ರ ಬರೆಸ್ಕೊಂಡು ಹೋಗಿ.